ಲಗಾಮು ಬಿಟ್ಟ ಸವಾರಿ

ಯರಗಟ್ಟಿಯಲ್ಲಿ ಸವದತ್ತಿ ಬಸ್ಸಿಗೆ ಕಾದಿದ್ದ ತಂಗೆವ್ವನ ಪಕ್ಕದಲ್ಲೇ ಗಂಡಹೆಂಡತಿ ಇಬ್ಬರು ಕೂತಿದ್ದರು. ಗಂಡ ಶಟ್ಟೆಪ್ಪ ಪೊಲೀಸ್ ಕುದುರೆ ದಳದ ತರಬೇತಿಗೆ ಮರಳುತ್ತಿದ್ದಾನೆಂದು ಅವರ ಮಾತಿನಿಂದಲೇ ತಿಳಿಯಿತು.

“ಲಗಾಮ ಬಿಟ್ಟು, ಕೈ ಕಟ್ಟಿಗೊಂಡು, ಕಣ್ಣ ಮುಚ್ಚಿ ಕುದುರಿ ಮ್ಯಾಲ ಕುಂಡ್ರಬೇಕು. ಕಾಲಿಗೂ ಆಸರಿರೂದಿಲ್ಲ.”

“ಯಾಕ್ರಿ ಹಂಗ?”

“ಮೈಗೆ ತೋಲ ಬರಲಿ, ಆಕಡೆ ಈಕಡೆ ವಾಲಬಾರದು ಅಂತ.”

“ಬಿದ್ದರ?”

“ಬಿದ್ದದ್ದಕ್ಕ ಅಲ್ಲೇನ, ಈ ರಜಾ ಸಿಕ್ಕಿದ್ದು.”

ಹೆಂಡತಿ ಪದ್ಮಾ ಅವನ ಹತ್ತಿರ ಸರಿದಳು.

“ಅಂಜಿಕಿ ಆಗತೈತಿ ಅಂತ ಸಾಹೇಬ್ರಿಗೆ ಹೇಳ್ರಿ.”

“ಹೇಳಿದೆ. ಅಂಜಿ ತೊಡಿ ಬಿಗಿ ಹಿಡಿದ್ರ ಕುದುರಿ ಇನ್ನಷ್ಟು ಓಡತೈತಿ, ಸಡಿಲ ಬಿಡು ಅಂದ್ರು. ಹೆಂಗ ಬಿಡ್ಲಿ, ಪದ್ಮಾ?”

ಬೆಳಗಾವಿ ಬಸ್ಸು ಬಂತು.

“ಕೈ ಬಿಡು, ಹೋಗಿ ಬರತೇನಿ.”

“ನಾ ಎಲ್ಲಿ ಹಿಡದೇನ್ರಿ? ನೀವ ಹಿಡದೀರಿ.”

ಶಟ್ಟೆಪ್ಪ ಒಂದೊಂದೇ ಬೆರಳು ಸಡಿಲಿಸಿ, ತಿರುಗಿ ನೋಡದೆ ಬಸ್ಸು ಹತ್ತಿದ.