ಕುದುರೆಗಿಂತ ಮೊದಲು ಒಂದು ಹೋಳು

...ಎದುರಿಗೆ ನಿಲ್ಲಬೇಡಿ ಡಾಕ್ಟ್ರಮ್ಮ, ಪಕ್ಕಕ್ಕೆ ಬನ್ನಿ. ಕುದುರೆ ತಲೆ ಒದರಿದ್ರೆ ನಿಮ್ಮ ಮೂಗು ಚಪ್ಪಟೆ! ಗೊತ್ತಾ? ಸರಿ, ನೀವು ಓದಿದವರು. ನಾನು ಲಾಯ ಗುಡಿಸೋನು.

ಆದ್ರೆ ಇವನಿಗೆ ಆ ಸಿರಿಂಜು ನಡೆಯಲ್ಲ. ಸೂಜಿ ಇಲ್ಲದೆ ಬಾಯಿಗೆ ಬಿಡೋದಾದ್ರೂ ನಡೆಯಲ್ಲ. ಕಾಲುನೋವಿನ ಪುಡೀನ ಸೇಬಿನ ಹೋಳಿಗೆ ಸವರಬೇಕು. ಮೊದಲು ಒಂದು ಹೋಳು ನಾವು ತಿನ್ನಬೇಕು. ಇವನು ನೋಡ್ತಾನೆ. ಆಮೇಲೆ ತಾನು ತಿಂತಾನೆ... ಯಾಕೆ ನಗ್ತೀರಿ? ದೊರೆ ಅಂತ ಸುಮ್ನೆ ಕರೀತೀವಾ?

ಹೂಂ, ಪುಡಿ ಸವರಿದ ಹೋಳೇ. ಬರೀ ಹೋಳು ತಿಂದ್ರೆ ಕಂಡುಹಿಡೀತಾನೆ. ಬಾಯಿ ಮೂಸ್ತಾನಮ್ಮಾ! ನಾನು ಕುಡಿದು ಬಂದಾಗ ನಮ್ಮವಳೂ ಹಾಗೆ ಮೂಸಿಲ್ಲ.

ಎರಡು ವರ್ಷ ಅವಳೇ ಕೊಡ್ತಿದ್ಲು. ಬೆಳಗಾದ್ರೆ ಒಂದು ಹೋಳು ಅವಳಿಗೆ, ಒಂದು ಇವನಿಗೆ. ಹೊಟ್ಟೆ ಹಿಡ್ಕೊಂಡು ಮಲಗಿದ್ಲು... ಏಳಲಿಲ್ಲ. ಮಣ್ಣು ಮಾಡಿ ಬಂದ ಮಾರನೇ ದಿನದಿಂದ ನಾನೇ. ಇವತ್ತಿಗೆ ಎಂಟು ದಿನ.

ನನಗಾ? ಏನೂ ಆಗಿಲ್ಲ. ಹೊಟ್ಟೆ ಸ್ವಲ್ಪ ಗುಡುಗುಡು. ಇವನದೂ ಗುಡುಗುಡು, ನನ್ನದೂ ಗುಡುಗುಡು. ಪಕ್ಕದ ಮನೆಯವಳು ಗೋಡೆ ಆಚೆಯಿಂದ ಕೇಳ್ತಾಳೆ, ಈಗ ಯಾರದ್ರೀ ಅಂತ! ಮೊಣಕಾಲು ಮಾತ್ರ... ನೋಡಿ, ಕೂತು ಎದ್ದೆ! ಹತ್ತು ವರ್ಷ ಆಗಿತ್ತು ಹೀಗೆ ಎದ್ದು.

ಅರೆ, ಏನ್ ಮಾಡ್ತಿದೀರಿ? ಬಾಯಿ ಮೂಲೇಲಿ ಹೆಬ್ಬೆರಳಾ? ಕಚ್ತಾನೆ! ...ಓ, ಅಲ್ಲಿ ಹಲ್ಲಿಲ್ವಾ. ತಲೆ ಜಾಸ್ತಿ ಎತ್ತಬೇಡಿ, ನೆತ್ತಿಗೆ ಹತ್ತುತ್ತೆ... ಅಯ್ಯೋ! ಸಿರಿಂಜಿನ ಮದ್ದು ನುಂಗೇಬಿಟ್ಟ! ನಾಲಿಗೆ ಬೇರೆ ಚಪ್ಪರಿಸ್ತಾನೆ, ಕಳ್ಳ!

ಏನಮ್ಮಾ, ಹಾಗೆ ನೋಡ್ತೀರಿ? ಕುದುರೆ ಅಲ್ಲಿದೆ. ನನ್ನ ಯಾಕೆ...

ಹೌದು. ಸುಮ್ನೆ ಕೊಟ್ರೂ ತಗೋತಾನೆ. ಗೊತ್ತಿತ್ತು.

ಹೊಸದರಲ್ಲಿ ಒಂದ್ಸಲ ಉಗುಳಿದ್ದ. ಆಗ ನಾನೇ ಅಂದೆ ಅವಳಿಗೆ, 'ನೀನು ಮೊದಲು ತಿಂದು ತೋರಿಸೇ' ಅಂತ. ತಮಾಷೆಗೆ ಕಣಮ್ಮಾ! ಅವಳು ತಿಂದ್ಲು, ಇವನೂ ತಿಂದ. ಮಾರನೇ ದಿನವೂ ತಿಂದ್ಲು. ಬೇಡ ಕಣೇ, ಸಾಕು... ಅನ್ನಬಹುದಿತ್ತು. ಅನ್ನಲಿಲ್ಲ. ನಗು ಬರ್ತಿತ್ತು ನನಗೆ.

ನೋಡಿ, ನಾನೂ ಅದೇ ಪುಡಿ ತಿಂದಿದೀನಿ. ನಿಂತಿದೀನಿ ನಿಮ್ಮೆದುರು. ಅಂದ್ರೆ ಅವಳು ಹೋಗಿದ್ದು ಇದರಿಂದ ಅಲ್ಲ. ಅಲ್ವಾ?

ಯಾಕಮ್ಮಾ, ತಲೆ ಅಲ್ಲಾಡಿಸ್ತೀರಿ? ಗೊತ್ತಾಗೋಕೆ ಎಂಟು ದಿನ ಸಾಲದಾ?