ಇನ್ನೊಂದು ಸಲ ಹಾರು

ಪಕ್ಕದ ಬೀದಿಯಲ್ಲಿ ಸೂಜಿ ಬಿದ್ದರೂ ಅದು ಎಷ್ಟನೇ ನಂಬರಿನದೆಂದು ಹೇಳಬಲ್ಲ ಕಿವಿ ಟೈಲರನದು. ಕತ್ತುನೋವಿಗೆಂದು ಫಿಸಿಯೋಥೆರಪಿಯವರ ಬೆಂಚಿನ ಮೇಲೆ ಅವನು ಒಂದು ಯುಗದಿಂದ ಕೂತಿದ್ದ. ತಿರುಗಲೊಲ್ಲದ ಆ ಕತ್ತಿನ ಹಿಂದೆ ಇಬ್ಬರು ಬಂದು ಕುಸಿದರು: ಎತ್ತರ ಜಿಗಿತದ ಕೋಚ್, ಮತ್ತು ಆಟಗಾರರ ಮನಸ್ಸು ನೋಡುವ ಕೆಲಸದಲ್ಲಿದ್ದ ಅವನ ಅಕ್ಕ. ಒಳಗೆ ಕೋಚ್‌ನ ಶಿಷ್ಯೆಯ ಮಂಡಿ ಪರೀಕ್ಷೆಯಾಗುತ್ತಿತ್ತು.

"ದಿನಾ ಪ್ರಾಕ್ಟೀಸ್ ಮುಗಿದ್ಮೇಲೆ ಕೇಳೋದನ್ನೇ ಕೇಳ್ತೀನಿ. ಇವತ್ತು ಏನು ಮಾಡ್ದೆ?" ಅಕ್ಕನ ದನಿ.

"ಅವಳು ಓಡಿ ಬರೋವಾಗ್ಲೇ ತಪ್ಪಿದ್ಲು."

"ನಾನು ಕೇಳಿದ್ದು ನಿನ್ನ ವಿಷಯ."

"ಸಾಕಾಗಿದೆ ಅಕ್ಕ. ತಲೆ ತಿನ್ಬೇಡ."

"ತಿನ್ನೋಕೆ ಅಲ್ಲೇನಿದೆ? ಹೇಳು."

"ಮಂಡಿ ನೋಯ್ತಿದೆ ಸರ್ ಅಂದ್ಲು."

"ನೀನು?"

"ಇನ್ನೊಂದು ಸಲ ಹಾರು ಅಂದೆ."

"ಸುಳ್ಳು ಹೇಳ್ತಿದಾಳೆ ಅನ್ನಿಸ್ತಾ?"

"ಇಲ್ಲ. ನಿಜ ಅಂತ ಗೊತ್ತಿತ್ತು. ಅವಳು ಹಾರದೆ ಇದ್ರೆ ಯಾಕೆ ಅಂತ ಸೆಲೆಕ್ಷನ್ ಕಮಿಟಿಯವರಿಗೆ ವಿವರಿಸ್ಬೇಕು. ನಂಗೆ ಅಷ್ಟು ಶಕ್ತಿ ಉಳಿದಿರ್ಲಿಲ್ಲ. ಒಂದು ಸಲ ಹಾರಿಬಿಟ್ರೆ ಮನೆಗೆ ಹೋಗಿ ಮಲಗ್ಬಹುದಿತ್ತು."

"ಇಷ್ಟು ದಿನ ಕಾದಿದ್ದು ಇಂಥ ಉತ್ತರಕ್ಕೇ. ಆದ್ರೆ ಇದನ್ನ ನಂಗೆ ಹೇಳಿ ಏನು ಬಂತು?"

"ಅವಳಿಗೆ ಹೇಳಿದ್ರೆ ಮತ್ತೆ ನನ್ನ ನಂಬ್ತಾಳಾ?"

"ಗೊತ್ತಿಲ್ಲ ಕಣೋ."

ಬಾಗಿಲು ತೆರೆಯಿತು. ಹುಡುಗಿ ಊರುಗೋಲು ಹಿಡಿದು ಬಂದಳು.

"ಈ ವರ್ಷ ಹಾರೋ ಹಾಗಿಲ್ವಂತೆ. ಸಾರಿ ಸರ್, ನಾನೇ ಕಾಲು ಸರಿಯಾಗಿ ಇಡ್ಲಿಲ್ಲ."

ಕೋಚ್ ಅವಳ ಚೀಲವನ್ನು ಹೆಗಲಿಗೇರಿಸಿದ.

"ತಪ್ಪು ನಿಂದಲ್ಲಮ್ಮ. ನಿಧಾನಕ್ಕೆ ಇಳಿ, ಹೇಳ್ತೀನಿ."

ಮಹಡಿಯ ಮೆಟ್ಟಿಲುಗಳ ಅರ್ಧದಲ್ಲಿ, ಟೈಲರನ ಕಿವಿಗೆ ಕೇಳುತ್ತಿದ್ದ ಊರುಗೋಲಿನ ಸದ್ದು ನಿಂತಿತು. ಬಹಳ ಹೊತ್ತಿನ ಮೇಲೆ, ಒಂದೊಂದೇ ಮೆಟ್ಟಿಲಾಗಿ, ಮತ್ತೆ ಇಳಿಯತೊಡಗಿತು.