ಚಿಗಳ್ಳಿಗೆ ಮಾರಿದ ಕಾರು

ಹಳಿಯಾಳದ ಪೆಟ್ರೋಲ್ ಪಂಪಿನಲ್ಲಿ ಸ್ಕೂಟಿ ನಿಲ್ಲಿಸಿಕೊಂಡಿದ್ದ ಉಜ್ಮಾಳ ಮುಂದೆ ಒಂದು ಹೊಸ ಕಾರಿತ್ತು. ಟ್ಯಾಂಕಿನ ಮುಚ್ಚಳ ಆಚೆ ಕಡೆ ಇದೆ, ತಿರುಗಿಸಿಕೊಂಡು ಬನ್ನಿ ಎಂದು ಪಂಪಿನವನು ಕೈ ಮಾಡಿದ. ತೆರೆದ ಕಿಟಕಿಯಿಂದ ಗಂಡ ಹೆಂಡತಿಯ ಮಾತು ಕೇಳಿಸಿತು.

“ಮತ್ತ ತಪ್ಪಿದ್ರಿ. ಪೆಟ್ರೋಲ್ ಮುಳ್ಳಿನ ಬಾಜೂಕ ಬಾಣ ಐತಿ, ಅದು ತೋರಿಸಿದ ಕಡೆ ಮುಚ್ಚಳ ಅಂತ ಶೋರೂಮಿನವ್ರು ಹೇಳಿಲ್ಲೇನು?”

“ಆಕೀದು ಈ ಕಡೆ ಇತ್ತಲ್ಲ, ಕೈ ತಾನ ಈ ಕಡೆ ತಿರುಗತೈತಿ.”

“ಆಕಿ ಅಂತ, ಆಕಿ! ಆ ಹಳೇ ಡಬ್ಬೀನ ಚಿಗಳ್ಳಿಯವ್ರಿಗೆ ಮಾರಿ ವರ್ಷಾತು.”

“ಡಬ್ಬಿ ಅನಬ್ಯಾಡ. ಆಕೀಗೆ ಬಾಣ ಬೇಕಾಗಿದ್ದಿಲ್ಲ. ಕಣ್ಣು ಮುಚ್ಚಿದ್ರೂ ಯಾವುದು ಎಲ್ಲೈತಿ ಅಂತ ನನಗ ಗೊತ್ತಿತ್ತು.”

“ಹೌದ್ರಿ? ಹಂಗಾರ ನನ್ನ ಮೂಗಬಟ್ಟು ಯಾವ ಕಡೆ ಐತಿ, ಹೇಳ್ರಿ.”

ಗಂಡ ಕತ್ತು ತಿರುಗಿಸಿದ.

“ನೋಡಬ್ಯಾಡ್ರಿ! ಮೂವತ್ತು ವರ್ಷ ನಿಮ್ಮ ಬಾಜೂಕ ಕುಂತೇನಿ. ನೋಡದ ಹೇಳ್ರಿ.”

“ಹಿಂದ ಮಂದಿ ಹಾರ್ನ್ ಹೊಡ್ಯಾಕತ್ತಾರ, ತಡಿ.”

ಹಿಂದೆ ಇದ್ದವಳು ಉಜ್ಮಾ ಒಬ್ಬಳೇ. ಅವಳು ಹಾರ್ನ್ ಮುಟ್ಟಿರಲೇ ಇಲ್ಲ.

ಕಾರು ತಿರುಗಿಕೊಂಡು ಅವಳನ್ನು ದಾಟುವಾಗ, ಒಳಗಿನ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು ಕುಳಿತಿದ್ದಳು.